ಮೂಗನ್ನು ನಂಬಲಾಗದ ಗಾಳಿ



ನಾವಿಂದು ಸೇರಿರುವ ಈ ಎಗೈಲಾದಿಂದ ಕೆಲವೇ ಕಿಲೋಮೀಟರು ದೂರದ ಧಹರ್ ಬಡಾವಣೆಯಲ್ಲಿ 1988ರಲ್ಲಿ ನೆಲವು ಏಕಾಏಕಿ ಬಾಯ್ದೆರೆಯಿತು. ಮರುವರ್ಷದೊಳಗೆ ಅಂಥ ನಾಲ್ಕು ಕುಳಿಗಳಾದುವು. ದೊಡ್ಡದರ ಅಗಲ ಸುಮಾರು 15 ಮೀಟರು, ಆಳ 31 ಮೀಟರು. ತಳದ ಸುಣ್ಣಕಲ್ಲಿನ ಪೊಳ್ಳುಗಳೊಳಕ್ಕೆ ಮೇಲಿನ ಮರಳು ಜಾರಿದ್ದೇ ಕಾರಣ. 2010ರಲ್ಲಿ ನೆರೆಯ ಅಹ್ಮದಿಯಲ್ಲಿ ನೆಲ ಕುಸಿಯಲಿಲ್ಲ. ಆದರೆ ಮನೆಗಳೊಳಕ್ಕೆ ಅನಿಲ ಒಸರಿ, ಸಂಸಾರಗಳು ಮನೆ ಬಿಡಬೇಕಾಯಿತು.

ಕುಸಿತವೂ ಅನಿಲವೂ ಜೊತೆಗೂಡಿದ್ದು ಅಮೆರಿಕದ ಲೂಯಿಸಿಯಾನಾ ರಾಜ್ಯದ ಬಾಯು ಕಾರ್ನ್ ಎಂಬ ಹಳ್ಳಿಯಲ್ಲಿ. ಅಲ್ಲಿ ಭೂಗರ್ಭದಲ್ಲಿ ಉಪ್ಪಿನ ಗುಮ್ಮಟವಿದೆ. ನೀರು ಹಾಯಿಸಿ ಉಪ್ಪು ಕರಗಿಸಿ ತೆಗೆದುದರಿಂದ ಉಂಟಾದ ಗವಿಯ ಪಕ್ಕದ ಗೋಡೆ ಕುಸಿಯಿತು. 2012ರ ಬೇಸಿಗೆಯಲ್ಲಿ ಮೊದಲು ಕಂಡದ್ದು ಹಳ್ಳದ ನೀರಿನಲ್ಲಿ ಗುಳ್ಳೆಗಳು ಮಾತ್ರ. ಆಗಸ್ಟ್ 3ರಂದು ಕುಳಿ ಗೋಚರಿಸಿತು. ಕಾಲಕ್ರಮದಲ್ಲಿ ಅದು 30 ಎಕರೆಯನ್ನೂ ಮೀರಿತು. ಸುಮಾರು 350 ಜನರಿಗೆ ಸ್ಥಳ ಬಿಡುವಂತೆ ಆಜ್ಞೆಯಾಯಿತು. ಅಂತರ್ಜಲದ ಪದರದಲ್ಲಿ ಸೇರಿಕೊಂಡಿದ್ದ ಅನಿಲವನ್ನು ಹೊರತರಲು ಕೊಳವೆಬಾವಿಗಳನ್ನು ಕೊರೆದು, ಬಂದ ಅನಿಲವನ್ನು ಸುಟ್ಟರು. ಮನೆಗಳೊಳಗೂ ನೆಲಗಟ್ಟಿನ ಕೆಳಗೂ ಅಳೆಯುವ ಉಪಕರಣಗಳನ್ನಿಟ್ಟರು. ಬಾಯ್ದೆರೆದ ಕುಳಿಗೆ ಬೇಲಿ ಹಾಕಬಹುದು. ಮನೆಯಡಿ ಹರಿದುಬರುವ ಅನಿಲಕ್ಕೆ ಬೇಲಿಯಿಲ್ಲ.

ಇಲ್ಲಿ ವೈದ್ಯರಾಗಿ ನಾವು ಹೇಳಬೇಕಾದ ಮಾತಿದೆ. ಮಿಥೇನ್ ಅನಿಲಕ್ಕೆ ವಾಸನೆಯೇ ಇಲ್ಲ. ಅಡಿಗೆಮನೆಯ ಸಿಲಿಂಡರಿನ ನಾತ ಬೇಕೆಂದೇ ಬೆರೆಸಿದ್ದು. ಗಾಳಿಯಲ್ಲಿ ಮಿಥೇನ್ ಶೇಕಡಾ 5ರಿಂದ 15ರವರೆಗೆ ಇದ್ದರೆ ಒಂದು ಕಿಡಿ ಸಾಕು. ಅದು ಹಗುರ, ಸೂರಿನಡಿ ಸೇರುತ್ತದೆ. ಎಣ್ಣೆಭೂಮಿಯ ಇನ್ನೊಂದು ಅನಿಲವಾದ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ತಗ್ಗಿನಲ್ಲಿ, ನಮ್ಮ ಸರ್ದಾಬುಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಒಂದರ ಉಪಕರಣ ಮೇಲೆ, ಇನ್ನೊಂದರದು ಕೆಳಗೆ ಇರಬೇಕು. ಈ ಎರಡನೆಯದು ಅತ್ಯಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲಿನಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮೂಗೇ ಸೋಲುತ್ತದೆ. “ವಾಸನೆ ಹೋಯಿತು, ಇನ್ನು ಭಯವಿಲ್ಲ” ಎಂದು ಒಳಗೆ ಹೋಗುವವರು ಆಗಲೇ ಹೋಗುತ್ತಾರೆ. 700 ದಾಟಿದರೆ ಕೆಲವು ಉಸಿರುಗಳಲ್ಲಿಯೇ ಪ್ರಜ್ಞೆ ತಪ್ಪಬಹುದು. ಜೀವಕೋಶಗಳು ಆಮ್ಲಜನಕವನ್ನು ಬಳಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ.

ನಮ್ಮ ಊರುಗಳಲ್ಲಿ ಹಾಳುಬಾವಿಗೆ ಇಳಿಯುವ ಮುನ್ನ ಉರಿಯುವ ಕಂದೀಲನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯರು. ಹಿರಿಯರ ಈ ಜಾಣ್ಮೆ ಆಮ್ಲಜನಕದ ಕೊರತೆಗೆ ಸರಿ. ಮಿಥೇನ್ ಇರುವೆಡೆ ಅದೇ ಕಂದೀಲು ಕೊಳ್ಳಿಯಾದೀತು. ಆ ಬಾವಿಗಳಲ್ಲಿ ಮೊದಲು ಬಿದ್ದವನನ್ನು ಎತ್ತಲು ಅಣ್ಣ, ಅಣ್ಣನನ್ನು ಎತ್ತಲು ಅಳಿಯ ಇಳಿದು, ಒಂದೇ ಮನೆಯ ಮೂವರು ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ವಾತ್ಸಲ್ಯವೇ ಅಲ್ಲಿ ಮೃತ್ಯುವಿಗೆ ದಾರಿ ತೋರಿತು.

ಸಂದೇಹ ಬಂದರೆ ದೀಪದ ಗುಂಡಿ ಒತ್ತಬೇಡಿ, ಆರಿಸಲೂ ಬೇಡಿ. ಮಕ್ಕಳನ್ನು ಕರೆದುಕೊಂಡು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ನಡೆದು ಎತ್ತರದ ಜಾಗ ಸೇರಿ, ಅಲ್ಲಿಂದ 112ಕ್ಕೆ ಫೋನ್ ಮಾಡಿ. ಸರ್ದಾಬಿನಲ್ಲಿ ಯಾರಾದರೂ ಬಿದ್ದಿದ್ದರೆ ಕೆಳಗಿಳಿಯಬೇಡಿ. ಉಸಿರಾಟದ ಉಪಕರಣ ತೊಟ್ಟವರು ಬರುವವರೆಗೆ ಪಕ್ಕದವರನ್ನೂ ಕೈಹಿಡಿದು ತಡೆಯಿರಿ. ಅವರು ನಿಮ್ಮನ್ನು ಬೈದಾರು. ಬೈಯಲಿ.