ಗೊಂಬೆಗೆ ಮೊದಲು ಬಿಳಿ ಹಚ್ಚಬೇಕೋ ಬ್ಯಾಡೋ?

(ಸಾಕ್ಷರತಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಪಾಟಿ-ಪುಸ್ತಕ ಸ್ವಲ್ಪ ಬದಿಗೆ ಇಡೋಣ. ಗೊಂಬೆಯ ಮಾತು ಆಡೋಣ.

ದೀಪಾವಳಿ ಹತ್ತಿರ ಬಂತು. ನಮ್ಮ ನಿಪ್ಪಾಣಿಯ ಓಣಿ ಓಣಿಯಲ್ಲಿ ಹುಡುಗರು ಕಿಲ್ಲೆ ಕಟ್ಟುತ್ತಾರೆ. ಕಲ್ಲು, ಇಟ್ಟಂಗಿ, ಹಳೇ ಗೋಣಿಚೀಲ ಇಟ್ಟು ಮೇಲೆ ಕೆಸರು ಮೆತ್ತುತ್ತಾರೆ. ಅದರ ಮೇಲೆ ಸಾಸಿವೆ ಚೆಲ್ಲಿದರೆ ಕೆಲವೇ ದಿನದಲ್ಲಿ ಹಸಿರು ಹುಟ್ಟುತ್ತದೆ. ತುದಿಯಲ್ಲಿ ಶಿವಾಜಿ ಮಹಾರಾಜರು ಕೂಡುತ್ತಾರೆ. ಮೆಟ್ಟಿಲಿನ ಮೇಲೆ ಮಾವಳೆ ಸೈನಿಕರು ನಿಲ್ಲುತ್ತಾರೆ. ಕೆಳಗೆ ಕೊಡ ಹೊತ್ತ ಹೆಂಗಸು, ಒಂದು ಹುಲಿ, ಒಂದು ತೋಪು. ಕೊಲ್ಹಾಪುರದಲ್ಲೂ ಹೀಗೇ, ಬೆಳಗಾವಿಯಲ್ಲೂ ಹೀಗೇ.

ಈ ಗೊಂಬೆಗಳು ಬೆರಳುದ್ದ ಇರುತ್ತವೆ. ದೊಡ್ಡದೆಂದರೆ ಒಂದು ಗೇಣು. ನಮ್ಮ ಕೇಂದ್ರಕ್ಕೆ ಬರುವ ಮೂವರು ಅಕ್ಕಂದಿರು ಇವನ್ನು ಮಾಡಿ ಮಾರುತ್ತಾರೆ. ಹಗಲು ಬೀಡಿ ಕಟ್ಟುವುದು, ರಾತ್ರಿ ಗೊಂಬೆ ಮಾಡುವುದು. ಹಬ್ಬದ ಎಣ್ಣೆ-ಬೆಲ್ಲದ ಖರ್ಚು ಇದರಿಂದಲೇ ಹುಟ್ಟಬೇಕು.

ಹೋದ ವಾರ ಇದೇ ಕಟ್ಟೆಯ ಮೇಲೆ ಜಗಳವಾಯಿತು. ಒಬ್ಬರು, “ಬಣ್ಣಕ್ಕಿಂತ ಮೊದಲು ಬಿಳಿ ಹಚ್ಚಲೇಬೇಕು” ಅಂದರು. ಇನ್ನೊಬ್ಬರು, “ಅದೆಲ್ಲ ದಂಡ, ಎರಡು ದಿನದ ಕೆಲಸ ಹೆಚ್ಚು” ಅಂದರು. ಆಮೇಲೆ ಎಲ್ಲರೂ ನಮ್ಮ ಕಡೆ ನೋಡಿದರು. ನಾವು ಸುಮ್ಮನೆ ಕುಂತೆವು. ಯಾಕೆ ಸುಮ್ಮನೆ ಕುಂತೆವು ಅನ್ನುವುದನ್ನು ಮೊದಲು ಹೇಳುತ್ತೇವೆ.

ಮೂರು ವರ್ಷದ ಹಿಂದೆ ನಮ್ಮ ಒಬ್ಬ ಅಕ್ಕ ಎರಡು ನೂರು ಮಾವಳೆಯರನ್ನು ಮಾಡಿದ್ದಳು. ಹಸಿ ಮಣ್ಣಿನ ಗೊಂಬೆ. ಸುಟ್ಟದ್ದಲ್ಲ, ಒಣಗಿಸಿದ್ದು ಅಷ್ಟೆ. ನಾವು ಕಲಿತವರು, ಸಾಲಿ ಮಾಸ್ತರರು. ನಮ್ಮ ಮಾತಿಗೆ ಬೆಲೆ ಹೆಚ್ಚು. “ಮೊದಲು ಸುಣ್ಣ ಹಚ್ಚವ್ವಾ, ಬಣ್ಣ ಎದ್ದು ಕಾಣ್ತದ” ಅಂದೆವು. ಅವಳು ಗೋಡೆಗೆ ಹಚ್ಚುವ ಸುಣ್ಣವನ್ನು ಗಟ್ಟಿಯಾಗಿ ಕಲಸಿ ಹಚ್ಚಿದಳು. ಹಸಿ ಮಣ್ಣು ಸುಣ್ಣದ ನೀರು ಕುಡಿದು ಮೆತ್ತಗಾಯಿತು. ಮೂಗು ಕರಗಿತು. ಮೀಸೆಯ ಗೆರೆ ಮುಚ್ಚಿತು. ಕತ್ತಿ ಹಿಡಿದ ಕೈ ಒಂದು ಮುದ್ದೆಯಾಯಿತು. ಉಳಿದವಕ್ಕೆ ಬಣ್ಣ ಹಚ್ಚಿದಳು. ಸಂತೆಗೆ ಒಯ್ಯುವ ಹೊತ್ತಿಗೆ ಬಣ್ಣ ಸುಣ್ಣದ ಸಮೇತ ಹಪ್ಪಳದ ಹಾಗೆ ಎದ್ದಿತು. ಮಾರಿದ್ದು ನಲವತ್ತೂ ಇಲ್ಲ. ಅವಳ ಬೆರಳಿನ ಸಂದು ಸುಣ್ಣ ತಿಂದು ಕೆಂಪಾಗಿತ್ತು. ಅವಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಮರು ವರ್ಷ ಅವಳು ಬಿಳಿಯನ್ನೇ ಬಿಟ್ಟಳು. ನೇರ ಬಣ್ಣ ಹಚ್ಚಿದಳು. ಮಣ್ಣು ಬಣ್ಣ ಕುಡಿಯಿತು. ಕೇಸರಿ ಮುಂಡಾಸಕ್ಕೆ ಮೂರು ಸಲ ಹಚ್ಚಿದರೂ ಇಟ್ಟಂಗಿಯ ಹಾಗೆ ಕಂಡಿತು. ಗೊಂಬೆ ಮಾರಾಟವಾದವು, ಆದರೆ ಬಣ್ಣದ ಖರ್ಚು ಲಾಭವನ್ನು ತಿಂದಿತು.

ಎರಡೂ ಕಡೆ ಪೆಟ್ಟು ಬಿದ್ದ ಮೇಲೆ ನಾವು ತಿಳಿದವರನ್ನು ಕೇಳಿದೆವು, ಓದಿದೆವು, ಕೈಯಾರೆ ಮಾಡಿ ನೋಡಿದೆವು.

ಈ ಬಿಳಿ ಹಚ್ಚುವುದು ಯಾಕೆ? ಕುಪ್ಪಸಕ್ಕೆ ಅಸ್ತರ ಹಾಕುತ್ತೀರಿ. ಮೇಲಿನ ಅರಿವೆ ತೆಳುವಿದ್ದರೆ ಅಸ್ತರ ಬೇಕು, ದಪ್ಪ ಇದ್ದರೆ ಬ್ಯಾಡ. ಗೊಂಬೆಗೂ ಹಾಗೇ. ಪೇಂಟರ್ ಇದಕ್ಕೆ ಪ್ರೈಮರ್ ಅನ್ನುತ್ತಾನೆ. ಅಸ್ತರದ ಕೆಲಸ ಮೂರು. ಮಣ್ಣಿನ ಸಣ್ಣ ತೂತು ಮುಚ್ಚಿ, ಬಣ್ಣ ಕುಡಿಯದ ಹಾಗೆ ಮಾಡುತ್ತದೆ. ಬಣ್ಣಕ್ಕೆ ಹಿಡಿತ ಕೊಡುತ್ತದೆ. ಕೆಳಗೆ ಬಿಳಿ ಇದ್ದರೆ ಬೆಳಕು ತಿರುಗಿ ಬರುತ್ತದೆ, ಹಳದಿ ಹಳದಿಯಾಗಿಯೇ ಕಾಣುತ್ತದೆ.

ಕೊಪ್ಪಳದ ಹತ್ತಿರ ಕಿನ್ನಾಳ ಎಂಬ ಊರು ಇದೆ. ಅಲ್ಲಿ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆಯಲ್ಲಿ ಗೊಂಬೆ, ದೇವರ ಮೂರ್ತಿ ಮಾಡುತ್ತಾರೆ. ಅವರು ಅಸ್ತರಕ್ಕೆ ಪಡುವ ಶ್ರಮ ಕೇಳಿದರೆ ಬೆರಗಾಗುತ್ತದೆ. ಗೋಣಿ ನಾರು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡುತ್ತಾರೆ. ಅದಕ್ಕೆ ಕಟ್ಟಿಗೆಯ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿ ನಾದುತ್ತಾರೆ. ಇದಕ್ಕೆ ಕಿಟ್ಟ ಎಂದು ಹೆಸರು. ಆಮೇಲೆ ಹತ್ತಿ ಅರಿವೆಯ ಸಣ್ಣ ತುಂಡುಗಳನ್ನು ಹುಣಸೆ ಅಂಟಿನಿಂದ ಗೊಂಬೆಯ ಮೈಗೆ ಅಂಟಿಸುತ್ತಾರೆ. ಅದರ ಮೇಲೆ ಹರಳುಕಲ್ಲಿನ ನುಣುಪು ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚುತ್ತಾರೆ. ಇಷ್ಟಾದ ಮೇಲೆಯೇ ಬಣ್ಣ. ಒಡವೆಯ ಉಬ್ಬು ಕೆಲಸವನ್ನೂ ಇದೇ ಕಲ್ಲುಪುಡಿಯ ಅಂಟಿನಿಂದ ಎಬ್ಬಿಸುತ್ತಾರೆ. ಅಂದರೆ ಅವರ ಅಸ್ತರ ಬರೀ ಅಸ್ತರ ಅಲ್ಲ, ಅರ್ಧ ಗೊಂಬೆಯೇ ಅದು.

ಹಾಗಾದರೆ ಎಲ್ಲ ಗೊಂಬೆಗೂ ಅಸ್ತರ ಬೇಕೆ? ಬ್ಯಾಡ. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣ ನೋಡ್ರಿ. ಅಲ್ಲಿ ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಗಿಸಿ ಗರಗರ ತಿರುಗಿಸುತ್ತಾರೆ. ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟ್ಟಿಗೆಗೆ ಹತ್ತುತ್ತದೆ. ನಡುವೆ ಅಸ್ತರ ಇಲ್ಲ. ಕಟ್ಟಿಗೆಯೂ ಬಿಳುಪು, ಅರಗೂ ಗಟ್ಟಿ. ಅಲ್ಲಿ ಅಸ್ತರ ಹಚ್ಚಿದರೆ ಕೆಲಸ ಕೆಡುತ್ತದೆ.

ನಮ್ಮ ಬೆರಳುದ್ದದ ಮಾವಳೆಗೆ ಕಿನ್ನಾಳದ ಪೂರಾ ರೀತಿ ಸಲ್ಲುವುದಿಲ್ಲ. ಅರಿವೆ ಅಂಟಿಸಿದರೆ ಮುಖವೇ ಮುಚ್ಚುತ್ತದೆ. ಅವರ ಹುಣಸೆ ಅಂಟನ್ನು ಮಾತ್ರ ನಾವು ತೆಗೆದುಕೊಂಡೆವು.

ಹುಣಸೆ ಬೀಜ ಹುರಿದು, ನೆನೆಸಿ, ಕರೀ ಸಿಪ್ಪೆ ತೆಗೆಯಿರಿ. ನುಣ್ಣಗೆ ಅರೆದು, ನೀರು ಹಾಕಿ, ಗಂಜಿಯ ಹಾಗೆ ಕುದಿಸಿ, ಅರಿವೆಯಲ್ಲಿ ಸೋಸಿರಿ. ಅದಕ್ಕೆ ಖಡುವಿನ ನುಣುಪು ಪುಡಿ ಕೂಡಿಸಿರಿ. ಮಜ್ಜಿಗೆಯಷ್ಟು ತೆಳು ಇರಬೇಕು. (ಖಡುವಿನ ತುಂಡು ಎಲ್ಲಿಂದ ತಂದಿರಿ ಅಂತ ಯಾರಾದರೂ ಕೇಳಿದರೆ ಮಾಸ್ತರರ ಹೆಸರು ಹೇಳಬ್ಯಾಡ್ರಿ.) ಒಂದೆರಡು ದಿನಕ್ಕೆ ಈ ಅಂಟು ಹಳಸುತ್ತದೆ. ಬೇಕಾದಷ್ಟೇ ಮಾಡಿರಿ.

ಹಚ್ಚಿ ಒಣಗಿದ ಮೇಲೆ ಹೆಬ್ಬೆರಳಿನಿಂದ ತಿಕ್ಕಿ ನೋಡ್ರಿ. ಬೆರಳಿಗೆ ಬಿಳಿ ಹತ್ತಿದರೆ ಅಂಟು ಕಡಿಮೆ. ಸಣ್ಣ ಬಿರುಕು ಬಿಟ್ಟರೆ ಅಂಟು ಹೆಚ್ಚು. ಎರಡು ಗೊಂಬೆ ಕೆಡಿಸಿದರೆ ಹದ ಕೈಗೆ ಬರುತ್ತದೆ. ಎರಡು ಕೆಟ್ಟರೆ ಕೆಡಲಿ, ಎರಡು ನೂರು ಕೆಡುವುದು ಬ್ಯಾಡ.

ಹಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡಿರಿ. ಗೊಂಬೆಯ ತಳಕ್ಕೆ ಒಂದು ಹನಿ ನೀರು ಬಿಡಿರಿ. ಹನಿ ಇಂಗಿತು, ಮಣ್ಣು ಗಟ್ಟಿಯಾಗೇ ಇತ್ತು ಅಂದರೆ ಅದು ಸುಟ್ಟ ಮಣ್ಣು. ಅಸ್ತರ ಬೇಕು, ಧೈರ್ಯವಾಗಿ ಹಚ್ಚಿರಿ. ಹನಿ ಬಿದ್ದಲ್ಲಿ ಮಣ್ಣು ಮೆತ್ತಗಾದರೆ ಅದು ಹಸಿ ಮಣ್ಣು. ನೆರಳಿನಲ್ಲಿ ಇನ್ನೂ ಒಣಗಬೇಕು. ಆಮೇಲೆ ಅಸ್ತರವನ್ನು ಒಂದೇ ಏಟಿಗೆ ಬಳಿಯಬ್ಯಾಡ್ರಿ. ಕುಂಚ ಹಿಂಡಿ, ಅರೆ ಒಣ ಕುಂಚದಿಂದ ತೆಳ್ಳಗೆ ಒಂದು ಸಲ, ಪೂರಾ ಒಣಗಿದ ಮೇಲೆ ಇನ್ನೊಂದು ಸಲ. ಕುಂಚವನ್ನು ಅಲ್ಲೇ ಅಲ್ಲೇ ತಿಕ್ಕಬ್ಯಾಡ್ರಿ. ಹನಿ ಕಮಲದೆಲೆಯ ಮೇಲಿನ ಹಾಗೆ ನಿಂತರೆ ಅದು ಪ್ಲಾಸ್ಟಿಕ್ಕೋ, ಮೊದಲೇ ಎಣ್ಣೆಬಣ್ಣ ಹಚ್ಚಿದ್ದೋ ಇರಬೇಕು. ಸಾಬೂನಿನಿಂದ ತೊಳೆದು, ಉಜ್ಜು ಕಾಗದದಿಂದ ತುಸು ತಿಕ್ಕಿ, ಅಂಗಡಿಯ ಪ್ರೈಮರನ್ನೇ ತೆಳ್ಳಗೆ ಹಚ್ಚಬೇಕು. ನಮ್ಮ ಹುಣಸೆ ಅಂಟು ಅಲ್ಲಿ ನಿಲ್ಲುವುದಿಲ್ಲ. ವಿದೇಶದಲ್ಲಿ ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ. ಅವರೂ ಪ್ಲಾಸ್ಟಿಕ್ ಗೊಂಬೆಗೆ ಹೀಗೇ ಮಾಡುತ್ತಾರೆ.

ಸುಣ್ಣ ಮಾತ್ರ ಬ್ಯಾಡ. ಕೈ ಸುಡುತ್ತದೆ. ಕೆಲವು ಬಣ್ಣ ಅದರ ಮೇಲೆ ಕೆಡುತ್ತವೆ.

ಇನ್ನು ಜಗಳದ ಮಾತು. “ದಂಡ” ಅಂದ ಅಕ್ಕನ ಮಾತೂ ಪೂರಾ ತಪ್ಪಲ್ಲ. ಎಲ್ಲ ಗೊಂಬೆಗೂ ಬಿಳಿ ಹಚ್ಚುವ ಕಾರಣವಿಲ್ಲ. ಸುಟ್ಟ ಮಣ್ಣಿನ ತೋಪು ಕಪ್ಪು, ಕುದುರೆ ಕಂದು. ಅಲ್ಲಿ ಬಿಳಿ ಯಾಕೆ? ಬರೀ ಅಂಟಿನ ನೀರು ಒಂದು ಸಲ ಹಚ್ಚಿದರೆ ಸಾಕು, ಬಣ್ಣ ಕುಡಿಯುವುದು ನಿಲ್ಲುತ್ತದೆ. ಹುಲಿ, ಕೇಸರಿ ಮುಂಡಾಸ, ಭಗವಾ ಧ್ವಜ, ಹಸಿರು ಸೀರೆ, ಇವಕ್ಕೆ ಬಿಳಿ ಬೇಕೇ ಬೇಕು. ಹಳದಿಯಂಥ ತಿಳಿ ಬಣ್ಣ ಕರೀ ಮಣ್ಣನ್ನು ಮುಚ್ಚಲಾರದು. ಕಣ್ಣಿಗೆ ಬೇರೆ ಬಿಳಿ ಬಣ್ಣವೂ ಬ್ಯಾಡ. ಅಸ್ತರವನ್ನೇ ಅಷ್ಟು ಜಾಗ ಬಿಟ್ಟು, ಕೊನೆಗೆ ಕರೀ ಚುಕ್ಕೆ ಇಟ್ಟರೆ ಆಯಿತು. ಹೋದ ದೀಪಾವಳಿಗೆ ಆ ಅಕ್ಕ ಹೀಗೇ ಮಾಡಿದಳು. ಒಂದು ಡಬ್ಬಿ ಕೇಸರಿ ಮೊದಲು ಅರವತ್ತು ಮುಂಡಾಸಕ್ಕೆ ಸಾಲುತ್ತಿರಲಿಲ್ಲ. ಈಗ ನೂರೈವತ್ತಕ್ಕೂ ಆಗಿ ತಳದಲ್ಲಿ ಉಳಿಯಿತು. ಖಾಲಿ ಡಬ್ಬಿ ತಂದು ನಮ್ಮ ಮುಂದೆ ಇಡುವ ಬದಲು ಉಳಿದ ಡಬ್ಬಿ ತಂದು ಇಟ್ಟಳು. ಏನೂ ಅನ್ನಲಿಲ್ಲ. ನಕ್ಕಳು.

ಡಬ್ಬಿಯ ಮಾತು ಬಂತು. ನೀವು ಈಗ ಅಂಕಿ ಓದುತ್ತೀರಿ, ಅಕ್ಷರ ಕೂಡಿಸುತ್ತೀರಿ. ಅದಕ್ಕೇ ಹೇಳುತ್ತೇವೆ. ಕೆಲವು ಬಣ್ಣ, ಪ್ರೈಮರಿನಲ್ಲಿ ಸೀಸ ಇರುತ್ತಿತ್ತು. ಸೀಸ ವಿಷ. ಮಕ್ಕಳ ಮಿದುಳಿಗೆ ಕೇಡು. ಸಣ್ಣ ಕೂಸು ಗೊಂಬೆಯನ್ನು ಮೊದಲು ಬಾಯಿಗೇ ಇಡುತ್ತದೆ. 2016ರಲ್ಲಿ ಕೇಂದ್ರ ಸರಕಾರ ಇದಕ್ಕೆ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಮನೆಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು. ಡಬ್ಬಿಯ ಮೇಲೆ ಅದನ್ನು ಬರೆಯಬೇಕು. ಡಬ್ಬಿ ತಿರುಗಿಸಿ 90 ಎಂಬ ಅಂಕಿ ಹುಡುಕಿರಿ. ಅಟ್ಟದ ಮೇಲಿನ ಹತ್ತು-ಹದಿನೈದು ವರ್ಷದ ಹಳೇ ಡಬ್ಬಿ ಗೊಂಬೆಗೆ ಬ್ಯಾಡ. ಅದು ಪುಕ್ಕಟೆ ಸಿಕ್ಕರೂ ಬ್ಯಾಡ.

ಇಕೋ, ಈ ಬಟ್ಟಲಲ್ಲಿ ಅಂಟು ಕಲಸಿ ತಂದಿದ್ದೇವೆ. ಈ ಪುಟ್ಟಿಯಲ್ಲಿ ಎಂಟು ಗೊಂಬೆ ಇವೆ. ಕೆಲವು ಸುಟ್ಟದ್ದು, ಕೆಲವು ಹಸಿ, ಒಂದು ಪ್ಲಾಸ್ಟಿಕ್. ಯಾವುದು ಯಾವುದು ಅಂತ ನಾವು ಹೇಳುವುದಿಲ್ಲ. ಬರ್ರಿ, ತಳಕ್ಕೆ ಹನಿ ಬಿಟ್ಟು ನೀವೇ ನೋಡ್ರಿ.