ಜೋಕಾಲಿ ಹಗ್ಗ, ಮೊಬೈಲಿನ ಚಿಪ್

ಗೋಳಗುಮ್ಮಟದ ಮೇಲಿನ ಪಿಸುಮಾತಿನ ಮೊಗಸಾಲೆಗೆ ಹತ್ತಿದ್ದೀರಾ? 1656ರ ಹೊತ್ತಿಗೆ ಕಟ್ಟಿ ಮುಗಿದ ಆ ಗುಮ್ಮಟದಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ, ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿಗೊಟ್ಟು ನಿಂತ ಗೆಳತಿಗೆ ಕೇಳುತ್ತದೆ. ಆದರೆ ಅದೇ ಹೊತ್ತಿಗೆ ಇನ್ನೊಂದು ಶಾಲೆಯ ಮಕ್ಕಳು ಬಂದು ‘ಹೋ’ ಎಂದು ಕೂಗಿದರೆ? ಗುಮ್ಮಟ ಯಾರ ದನಿಯನ್ನೂ ಬೇಡ ಅನ್ನುವುದಿಲ್ಲ. ಒಂದೊಂದು ಕೂಗನ್ನೂ ಏಳೆಂಟು ಸಲ ತಿರುಗಿ ಹೇಳುತ್ತದೆ. “ಏ, ನಾ ಅಂದದ್ದು ಕೇಳಿಸ್ತೇನ?” ಎಂದರೆ ಗೆಳತಿ ದೂರದಿಂದ ಕೈ ಆಡಿಸುತ್ತಾಳೆ: ಇಲ್ಲ.

ಮೊಬೈಲಿನ ಆಂಟೆನಾದ ಪಾಡೂ ಇದೇ. ಅದರ ಮೇಲೆ ಧಾರವಾಡ ಆಕಾಶವಾಣಿಯ ಅಲೆ ಬೀಳುತ್ತದೆ, ಅದು ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಕಂಪಿಸುತ್ತದೆ. ವಿಜಯಪುರ ಆಕಾಶವಾಣಿಯ 101.8 ಎಫ್‌ಎಂ ಅಲೆಯದು 10 ಕೋಟಿ 18 ಲಕ್ಷ ಸಲ. ಮನೆಯ ವೈಫೈ ಅಲೆಯದು 240 ಕೋಟಿಯ ಆಸುಪಾಸು. ಎಲ್ಲವೂ ಒಟ್ಟಿಗೇ ಬಂದು ಬೀಳುತ್ತವೆ. ಅದರಲ್ಲಿ ಅಮ್ಮನ ಫೋನ್ ಮಾತು ಹೊತ್ತು ತಂದ ಒಂದೇ ಒಂದು ಅಲೆಯನ್ನು ಆರಿಸಿಕೊಳ್ಳಬೇಕು. ಆರಿಸುವ ಆ ಭಾಗಕ್ಕೆ ಫಿಲ್ಟರ್ ಎನ್ನುತ್ತಾರೆ.

ತಿಕೋಟಾ ಕಡೆ ಒಣದ್ರಾಕ್ಷಿಯನ್ನು ಜರಡಿ ಹಿಡಿದು ದಪ್ಪದ್ದು, ಸಣ್ಣದ್ದು ಎಂದು ಬೇರೆ ಮಾಡುತ್ತಾರಲ್ಲ, ಹಾಗೆಯೇ ಎಂದು ನನಗೂ ಮೊದಲು ಅನಿಸಿತ್ತು. ಹಾಗಲ್ಲ. ಜರಡಿ ಆರಿಸುವುದು ಗಾತ್ರ ನೋಡಿ. ರೇಡಿಯೊ ಫಿಲ್ಟರ್ ಆರಿಸುವುದು ತಾಳ ನೋಡಿ. ಅದನ್ನು ತಿಳಿಯಲು ನಾಗರ ಪಂಚಮಿಯ ಜೋಕಾಲಿಯೇ ಸರಿ.

ಬಬಲೇಶ್ವರದ ಯಾವುದೋ ಬೇವಿನ ಮರಕ್ಕೆ 4 ಮೀಟರ್ ಉದ್ದದ ಜೋಕಾಲಿ ಕಟ್ಟಿದ್ದಾರೆ ಎಂದುಕೊಳ್ಳಿ. ಅದು ಹೋಗಿ ಬರಲು ಸುಮಾರು 4 ಸೆಕೆಂಡ್ ಬೇಕು. ಅಕ್ಕ ಕೂತರೂ ಅಷ್ಟೇ, ತಮ್ಮ ಕೂತರೂ ಹೆಚ್ಚುಕಡಿಮೆ ಅಷ್ಟೇ. ಅದರ ತಾಳಕ್ಕೆ ಸರಿಯಾಗಿ ಮೆಲ್ಲಗೆ ನೂಕುತ್ತ ಹೋದರೆ ಜೀಕು ಮುಗಿಲಿಗೇರುತ್ತದೆ. ತಾಳ ತಪ್ಪಿ ನೂಕಿದರೆ, ಒಂದು ನೂಕು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ಹಗ್ಗವನ್ನು 1 ಮೀಟರಿಗೆ ಇಳಿಸಿ: ಈಗ 2 ಸೆಕೆಂಡ್ ಸಾಕು. ಉದ್ದ ಕಾಲುಭಾಗವಾದರೆ ತಾಳ ಇಮ್ಮಡಿ ಚುರುಕು.

ರೇಡಿಯೊದೊಳಗೆ ತಂತಿ ಸುರುಳಿ ಒಂದು, ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಕೆಪಾಸಿಟರ್ ಒಂದು ಸೇರಿ ಇಂಥದೇ ಜೋಕಾಲಿ ಆಗುತ್ತವೆ. ಅಲ್ಲಿ ಜೀಕುವುದು ವಿದ್ಯುತ್ತು, ನೂಕುವವು ಬಂದು ಬೀಳುವ ಅಲೆಗಳು. ತಾಳ ಕೂಡಿದ ಅಲೆ ಬೆಳೆಯುತ್ತದೆ, ಉಳಿದವು ಸುಮ್ಮನಾಗುತ್ತವೆ. ಅಜ್ಜನ ಕಾಲದ ರೇಡಿಯೊದ ಗುಂಡಿ ತಿರುಗಿಸಿದರೆ ಒಳಗೆ ಅರ್ಧಚಂದ್ರದಂಥ ತಗಡುಗಳು ಒಂದರೊಳಗಿಂದ ಒಂದು ಸರಿದು ಕೆಪಾಸಿಟರ್ ಚಿಕ್ಕದಾಗುತ್ತಿತ್ತು, ತಾಳ ಧಾರವಾಡದ 765 ಸಾವಿರ ಬಿಟ್ಟು ಕಲಬುರಗಿ ಆಕಾಶವಾಣಿಯ 1107 ಸಾವಿರಕ್ಕೆ ಹೋಗುತ್ತಿತ್ತು. ಇಲ್ಲಿಯೂ ಜೋಕಾಲಿಯ ಲೆಕ್ಕವೇ: ಕೆಪಾಸಿಟರ್ ಕಾಲುಭಾಗವಾದರೆ ತಾಳ ಇಮ್ಮಡಿ.

ಉಗುರಿನಷ್ಟು ಚಿಪ್‌ನಲ್ಲಿ ಗುಂಡಿ ಎಲ್ಲಿ ಕೂಡಿಸುವುದು? ಅಲ್ಲಿ ಸುರುಳಿಯೆಂದರೆ ಸಾಸಿವೆ ಕಾಳಿಗಿಂತ ಚಿಕ್ಕ ಲೋಹದ ಜಿಲೇಬಿ. ಕೆಪಾಸಿಟರಿಗೆ ಸಂತೆಯ ತಕ್ಕಡಿಯ ಉಪಾಯ. 1, 2, 4, 8 ಎಂಬ ನಾಲ್ಕೇ ಬಟ್ಟುಗಳಿದ್ದರೆ 1ರಿಂದ 15ರವರೆಗೆ ಏನನ್ನಾದರೂ ತೂಗಬಹುದಲ್ಲವೇ? ಹಾಗೆಯೇ ಒಂದಕ್ಕೊಂದು ಇಮ್ಮಡಿಯಾದ ನಾಲ್ಕು ಕೆಪಾಸಿಟರ್‌ಗಳನ್ನು ಇಟ್ಟು, ಟ್ರಾನ್ಸಿಸ್ಟರ್ ಸ್ವಿಚ್ಚುಗಳಿಂದ ಬೇಕಾದ್ದನ್ನು ಸೇರಿಸುತ್ತಾರೆ, ಬೇಡವಾದದ್ದನ್ನು ಬಿಡುತ್ತಾರೆ. ಹೀಗೆ ಸಿಗುವ ಎರಡು ಅಳತೆಗಳ ನಡುವಿನ ಸಂದಿ ತುಂಬಲು, ವೋಲ್ಟೇಜ್ ಬದಲಿಸಿದರೆ ತಾನೇ ಹಿಗ್ಗಿ ಕುಗ್ಗುವ ವರಾಕ್ಟರ್ ಎಂಬ ಇನ್ನೊಂದು ಕೆಪಾಸಿಟರ್ ಇದೆ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಆ ಜಿಲೇಬಿಯ ತಂತಿ ಬಲು ಸಣ್ಣ, ವಿದ್ಯುತ್ತು ಅದರಲ್ಲಿ ಹರಿಯುವಾಗ ಬಿಸಿಯಾಗಿ ಸೋರಿಹೋಗುತ್ತದೆ. ಕೆಲವೇ ಜೀಕಿಗೆ ಜೋಕಾಲಿ ಸೋಲುತ್ತದೆ. ಹಾಗೆ ಬೇಗ ಸೋಲುವ ಜೋಕಾಲಿಗೆ ತಾಳದ ಕಿವಿ ಮಂದ, ಪಕ್ಕದ ಅಲೆಯೂ ಒಳಗೆ ನುಸುಳುತ್ತದೆ. ಅದಕ್ಕೆ ಎಂಜಿನಿಯರುಗಳು ಟ್ರಾನ್ಸಿಸ್ಟರುಗಳನ್ನು ಬೆನ್ನಿಗೆ ನಿಲ್ಲಿಸುತ್ತಾರೆ. ಸೋರಿದಷ್ಟನ್ನೇ ಅವು ಪ್ರತಿ ಜೀಕಿಗೂ ತುಂಬಿಕೊಡಬೇಕು. ತುಸು ಹೆಚ್ಚಾಯಿತೋ, ಅಲೆಯೇ ಬಾರದಿದ್ದರೂ ಜೋಕಾಲಿ ತಾನಾಗಿ ತೂಗತೊಡಗುತ್ತದೆ, ಚಿಪ್ ಕೇಳುವುದನ್ನು ಬಿಟ್ಟು ತಾನೇ ಕೂಗುತ್ತದೆ! ಈ ಕೂದಲೆಳೆಯ ಅಳತೆಯೇ ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು.

ಇನ್ನೊಂದು ತೊಡಕಿದೆ. ಒಂದೇ ಕೈಯಲ್ಲಿ ಬಿಟ್ಟ ಎರಡು ಜಿಲೇಬಿ ಹೇಗೆ ಒಂದೇ ಥರ ಇರವೋ, ಹಾಗೆಯೇ ಎರಡು ಚಿಪ್‌ಗಳ ಕೆಪಾಸಿಟರ್‌ಗಳೂ ತುಸು ಬೇರೆ. ಅದಕ್ಕೇ ಎಷ್ಟೋ ಚಿಪ್‌ಗಳು ಎದ್ದ ಕೂಡಲೇ ತಮ್ಮ ತಾಳವನ್ನು ಫೋನಿನಲ್ಲಿರುವ ಸ್ಫಟಿಕದ ಕರಾರುವಾಕ್ ತಾಳದ ಜೊತೆ ಹೋಲಿಸಿ, ಬಟ್ಟು ಬದಲಿಸಿ ಸರಿಮಾಡಿಕೊಳ್ಳುತ್ತವೆ. ವಿಜಯಪುರದಿಂದ ತಿಕೋಟಾ ಬಸ್ಸಿನಲ್ಲಿ ಹೋಗುವಾಗ ಟವರ್ ಬದಲಾಗಿ ಬೇರೆ ಅಲೆ ಹಿಡಿಯಬೇಕಾದರೂ ಹಾಗೆಯೇ. ಅಷ್ಟರಲ್ಲಿ ನೀವು ಕಣ್ಣು ಕೂಡ ಮಿಟುಕಿಸಿರುವುದಿಲ್ಲ.

ಜೋಕಾಲಿಯ ಈ ಲೆಕ್ಕ ನೋಡಲು ಪಂಚಮಿಯವರೆಗೆ ಕಾಯಬೇಡಿ. ಒಂದು ದಾರಕ್ಕೆ ಚಿಕ್ಕ ಕಲ್ಲು ಕಟ್ಟಿ, ಕಲ್ಲಿನ ನಡುವಿಗೆ ಸರಿಯಾಗಿ 1 ಮೀಟರ್ ಬರುವಂತೆ ತೂಗುಬಿಡಿ. ಮೆಲ್ಲಗೆ ತೂಗಿ 10 ಸಲ ಹೋಗಿ ಬರುವುದನ್ನು ಎಣಿಸಿದರೆ ಸುಮಾರು 20 ಸೆಕೆಂಡ್ ಆಗುತ್ತದೆ. ಆಮೇಲೆ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ, ಮತ್ತೆ 10 ಎಣಿಸಿ.