ಆಪರೇಷನ್ ಆದ ಮಗು ಅಳುವವರೆಗೆ ಕಾಯಬೇಡಿ

ಬೆಳ್ತಂಗಡಿ ತಾಲೂಕಿನ ನೆರಿಯದಂಥ ಊರಲ್ಲಿ ಮಗುವಿಗೆ ಹರ್ನಿಯಾ ಆಪರೇಷನ್ ಅಂದರೆ ಉಜಿರೆಗೋ ಮಂಗಳೂರಿಗೋ ಹೋಗಬೇಕು. ಇಂಥ ಸಣ್ಣ ಆಪರೇಷನ್ ಆದರೆ ಹೆಚ್ಚಿನ ಮಕ್ಕಳನ್ನು ಬೇಗ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದೆ ಡಾಕ್ಟರು, ನರ್ಸು ಎಲ್ಲ ಅಪ್ಪ ಅಮ್ಮನೇ. ಮಧ್ಯರಾತ್ರಿ ಜೋರು ಮಳೆ, ಮಗು ನರಳುತ್ತಿದೆ, ಮೆಡಿಕಲ್ ಬಾಗಿಲು ಹಾಕಿದೆ. ಆಗ ಏನು ಮಾಡಬೇಕು ಅನ್ನೋದನ್ನು ಈಗಲೇ ತಿಳಿದುಕೊಳ್ಳೋಣ.

'ಚಿಕ್ಕ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ' ಅಂತ ಒಂದು ಕಾಲದಲ್ಲಿ ಎಷ್ಟೋ ಡಾಕ್ಟರುಗಳೇ ನಂಬಿದ್ದರು. ಭಾರತದಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕೆ.ಜೆ.ಎಸ್. ಆನಂದ್ 1987ರಲ್ಲಿ ಆ ನಂಬಿಕೆಯನ್ನು ಅಲುಗಾಡಿಸಿದರು. ಆಪರೇಷನ್ ಹೊತ್ತಿನಲ್ಲಿ ಸಾಕಷ್ಟು ನೋವು ನಿವಾರಕ ಸಿಗದ ಎಳೆಗೂಸುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ವಿಪರೀತ ಏರುತ್ತವೆ, ಆಮೇಲಿನ ತೊಂದರೆಗಳೂ ಹೆಚ್ಚು ಅಂತ ತೋರಿಸಿದರು. ನೋವು ತಡೆಯುವುದು ಚಿಕಿತ್ಸೆಯದೇ ಭಾಗ.

ಹಾಗಾದರೆ ಮಾರ್ಫಿನ್ ಕೊಟ್ಟರಾಯ್ತಲ್ಲ? ದೊಡ್ಡ ಆಪರೇಷನ್‌ಗೆ ಅದು ಬೇಕಾಗುತ್ತದೆ, ಕೊಡಲೂಬೇಕು. ಆದರೆ ಅಫೀಮಿನ ಜಾತಿಯ ಔಷಧಿಗಳು ಉಸಿರಾಟವನ್ನು ನಿಧಾನ ಮಾಡುತ್ತವೆ, ವಾಂತಿ, ಮಲಬದ್ಧತೆ ತರುತ್ತವೆ. ಆಸ್ಪತ್ರೆಯಲ್ಲಿ ಕಣ್ಣಿಟ್ಟು ನೋಡುವವರಿರಬೇಕು. ಇದೇ ಜಾತಿಯ ಕೊಡೈನ್ ಕೆಲವು ಮಕ್ಕಳ ದೇಹದಲ್ಲಿ ಬಹಳ ಬೇಗ ಮಾರ್ಫಿನ್ ಆಗಿಬಿಡುತ್ತದೆ. ಟಾನ್ಸಿಲ್ ತೆಗೆಸಿಕೊಂಡ ಮಕ್ಕಳು ಇದರಿಂದ ಸತ್ತದ್ದೂ ಇದೆ. ಹಾಗಾಗಿ ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಹನ್ನೆರಡು ವರ್ಷದ ಒಳಗಿನವರಿಗೆ ನೋವಿಗೆಂದು ಕೊಡೈನ್, ಅದೇ ಜಾತಿಯ ಟ್ರಮಡಾಲ್ ಎರಡೂ ಕೂಡದು ಅಂದರು.

ಹರ್ನಿಯಾ, ಸುನ್ನತಿ, ಕೆಳಗಿಳಿಯದ ಬೀಜದ ಆಪರೇಷನ್‌ಗಳಲ್ಲಿ ಬೇರೆ ದಾರಿಯಿದೆ. ಮಗು ನಿದ್ದೆಯಲ್ಲಿರುವಾಗಲೇ ಅರಿವಳಿಕೆ ತಜ್ಞರು ಬೆನ್ನಿನ ತೀರಾ ಕೆಳಗೆ, ಬಾಲಮೂಳೆಯ ಹತ್ತಿರ ಒಂದು ಇಂಜೆಕ್ಷನ್ ಕೊಡುತ್ತಾರೆ. ಇದಕ್ಕೆ ಕಾಡಲ್ ಬ್ಲಾಕ್ ಅಂತ ಹೆಸರು. ಸೊಂಟದ ಕೆಳಗಿನ ನೋವಿನ ನರಗಳು ಕೆಲವು ಗಂಟೆ ಮರಗಟ್ಟುತ್ತವೆ. ಕಾಲಿಗೆ ಬಲ ಬರುವ ತನಕ ಮಗುವನ್ನು ಒಂಟಿಯಾಗಿ ನಡೆಸಬೇಡಿ. ಮುಖ್ಯ ವಿಷಯ ಇದು: ಮಗು ನಗುತ್ತಿದೆ ಅಂತ ಔಷಧಿ ಬಿಡಬೇಡಿ. ಮರಗಟ್ಟಿದ್ದು ಇಳಿಯುವ ಮೊದಲೇ ನೋವಿನ ಸಿರಪ್ ಹೊಟ್ಟೆಗೆ ಹೋಗಿರಬೇಕು.

ಮನೆಯಲ್ಲಿ ಮೊದಲ ಔಷಧಿ ಪ್ಯಾರಸಿಟಮಾಲ್. ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ಲೆಕ್ಕ ನೋಡಿ: 12 ಕಿಲೋ ಮಗುವಿಗೆ 180 ಮಿಲಿಗ್ರಾಂ. ಈಗ ಬಾಟಲಿಯ ಲೇಬಲ್ ಓದಿ. ಐದು ಎಂಎಲ್‌ನಲ್ಲಿ 120 ಅಂತಿದ್ದರೆ ಏಳೂವರೆ ಎಂಎಲ್ ಬೇಕು. 250 ಅಂತಿದ್ದರೆ ಸುಮಾರು ಮೂರೂವರೆ ಎಂಎಲ್ ಸಾಕು. ಎರಡೂ ಬಾಟಲಿ ನೋಡಲು ಒಂದೇ ಥರ ಇರಬಹುದು. ಅದಲು ಬದಲಾದರೆ ಡೋಸು ದುಪ್ಪಟ್ಟಾಗಬಹುದು. ಅಡುಗೆಮನೆಯ ಚಮಚ ಬೇಡ, ಅಳತೆಯ ಸಿರಿಂಜ್ ಬಳಸಿ. ಮೊದಲ ಎರಡು ದಿನ ಗಡಿಯಾರ ನೋಡಿ ಕೊಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ.

ಅದರ ಜೊತೆಗೆ ಐಬುಪ್ರೊಫೆನ್ ಸೇರಿದರೆ ಪರಿಣಾಮ ಇನ್ನೂ ಚೆನ್ನಾಗಿರುತ್ತದೆ. ಆದರೆ ಡಾಕ್ಟರು ಬರೆದಿದ್ದರೆ ಮಾತ್ರ, ಮಗು ಏನಾದರೂ ತಿಂದ ಮೇಲೆ. ವಾಂತಿಯಿಂದ ನೀರಿನಂಶ ಇಳಿದಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಜ್ವರ ಬಂದು ಡೆಂಗ್ಯೂ ಅನುಮಾನ ಇದ್ದರೆ ಬೇಡವೇ ಬೇಡ. ನಮ್ಮ ಮಳೆಗಾಲದಲ್ಲಿ ಇದು ನೆನಪಿರಲಿ. ಉಬ್ಬಸ ಇರುವ ಮಗುವಾದರೆ ಮೊದಲೇ ಹೇಳಿ. ಆಸ್ಪಿರಿನ್ ಕೊಡಬೇಡಿ. ನಿಮೆಸುಲೈಡ್ ಅನ್ನು ಹನ್ನೆರಡರ ಒಳಗಿನವರಿಗೆ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಕಪಾಟಿನಲ್ಲಿ ಉಳಿದ ಹಳೆಯ ಬಾಟಲಿ ಇದ್ದರೆ ಎಸೆದುಬಿಡಿ.

ಮಾತು ಬಾರದ ಮಗು ನೋವನ್ನು ಹೇಗೆ ಹೇಳುತ್ತದೆ? ಮುಖ ಗಂಟಿಕ್ಕುತ್ತದೆ, ಕಾಲು ಮಡಚಿಕೊಳ್ಳುತ್ತದೆ, ಎತ್ತಿಕೊಂಡರೂ ಸಮಾಧಾನವಾಗುವುದಿಲ್ಲ. ಕೆಲವು ಮಕ್ಕಳು ಅಳದೆ, ಅಲುಗದೆ ಸುಮ್ಮನೆ ಮಲಗಿಬಿಡುತ್ತವೆ, ಅದೂ ನೋವೇ ಇರಬಹುದು. ಎದೆಹಾಲು, ಅಜ್ಜಿಯ ತೊಡೆ, ಕತೆ, ಹಾಡು ಇವೂ ನಿಜವಾಗಿ ನೋವು ಇಳಿಸುತ್ತವೆ, ಆದರೆ ಸಿರಪ್ಪಿನ ಜೊತೆಗೆ, ಸಿರಪ್ಪಿನ ಬದಲಿಗಲ್ಲ. ಔಷಧಿ ಕೊಟ್ಟರೂ ನೋವು ಏರುತ್ತಿದ್ದರೆ, ಗಾಯ ಊದಿಕೊಂಡರೆ, ಮೂತ್ರ ಹೋಗದಿದ್ದರೆ, ಟಾನ್ಸಿಲ್ ತೆಗೆದ ಮೇಲೆ ಬಾಯಲ್ಲಿ ರಕ್ತ ಕಂಡರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಕೊನೆಯದಾಗಿ ಒಂದು ವಿನಂತಿ. ಡಿಸ್ಚಾರ್ಜ್ ಆಗುವಾಗ ನಾಚಿಕೆಪಡದೆ ಕೇಳಿ: ಬ್ಲಾಕ್ ಕೊಟ್ಟಿದ್ದೀರಾ, ಎಷ್ಟು ಹೊತ್ತಿಗೆ ಇಳಿಯುತ್ತದೆ? ಯಾವ ಸಿರಪ್, ಎಷ್ಟು ಎಂಎಲ್, ಎಷ್ಟು ಗಂಟೆಗೆ? ರಾತ್ರಿ ಯಾವ ನಂಬರಿಗೆ ಫೋನ್ ಮಾಡಲಿ? ಉತ್ತರವನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ, ಔಷಧಿಯನ್ನು ಆಸ್ಪತ್ರೆ ಬಿಡುವ ಮೊದಲೇ ಕೊಂಡುಕೊಳ್ಳಿ. ನೋವಿಲ್ಲದೆ ಮಲಗುವುದು ಮಗುವಿನ ಹಕ್ಕು. ಅದನ್ನು ಕೇಳಿ ಪಡೆಯಬೇಕಾದವರು ನಾವು.